ನೆರಳಂಚೆ

ಎಚ್ಚರಿಕೆ ಕೊಡುವುದು ನನ್ನ ಕೆಲಸ. ಅದನ್ನು ಕೇಳಿಸಿಕೊಳ್ಳುವುದು ಯಾರ ಕೆಲಸವೂ ಅಲ್ಲ ಎಂದು ತಿಳಿಯಲು ನನಗೆ ಹನ್ನೆರಡು ವರ್ಷ ಹಿಡಿಯಿತು.

ಹುಬ್ಬಳ್ಳಿಯ ಮಿಂಚಂಚೆ ರಕ್ಷಣಾ ಕೇಂದ್ರದಲ್ಲಿ ನಾನು ಇಂಜಿನಿಯರ್. ಊರು ತಿಪಟೂರು, ಹೆಸರು ಶ್ರೀಕಂಠ. ಸಿಕ್ಕಸಿಕ್ಕವರಿಗೆಲ್ಲ ಬಲೆ ಬೀಸುವ ಕಳ್ಳರ ತಂಟೆಗೆ ನಾವು ಹೋಗುವುದಿಲ್ಲ. ಅದಕ್ಕೆ ಬೇರೆ ಇಲಾಖೆಯಿದೆ. ಒಬ್ಬರೇ ಒಬ್ಬರನ್ನು ಆರಿಸಿಕೊಂಡು, ಅವರ ದಿನಚರಿ ತಿಳಿದುಕೊಂಡು, ತಿಂಗಳುಗಟ್ಟಲೆ ಕಾದು ಕನ್ನ ಹಾಕುವವರನ್ನು ಮಾತ್ರ ನಾವು ನೋಡಿಕೊಳ್ಳುತ್ತೇವೆ. ಅಂಥ ಪ್ರಯತ್ನ ಕಂಡಕೂಡಲೇ ಆ ವ್ಯಕ್ತಿಯ ಇಮೇಲ್ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಹಳದಿ ಪಟ್ಟಿ ಮೂಡುತ್ತದೆ. ‘ನಿಮ್ಮ ಖಾತೆಯನ್ನೇ ಗುರಿಯಾಗಿಸಿಕೊಂಡು ಯಾರೋ ಒಳಗೆ ಬರಲು ನೋಡುತ್ತಿದ್ದಾರೆ. ಈ ಸಂಖ್ಯೆಗೆ ಕರೆ ಮಾಡಿ.’

ತಿಂಗಳಿಗೆ ನಾನೂರು ಜನರಿಗೆ ಪಟ್ಟಿ ಹೋದರೆ ಕರೆ ಮಾಡುವವರು ಒಂಬತ್ತೋ ಹತ್ತೋ. ಮಿಕ್ಕವರು ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳುತ್ತಾರೆ. ಗದಗಿನ ಒಬ್ಬ ವಕೀಲರು ಹಳದಿ ಬಣ್ಣ ಕಣ್ಣಿಗೆ ಚುಚ್ಚುತ್ತದೆ, ಸ್ವಲ್ಪ ತಿಳಿ ಮಾಡಿ ಎಂದು ಬರೆದರು. ದಾವಣಗೆರೆಯ ಇನ್ನೊಬ್ಬರು ಕಂಪ್ಯೂಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಅದರ ಫೋಟೊ ಕಳಿಸಿ, ಈಗ ಸರಿಹೋಯಿತೇ ಎಂದು ಕೇಳಿದರು. ನಾನು ಜನರನ್ನು ಬೈದುಕೊಳ್ಳುವುದನ್ನು ಬಿಟ್ಟು ಬಹಳ ದಿನವಾಯಿತು. ದಿನಕ್ಕೆ ಹತ್ತು ಕಡೆಯಿಂದ ಜೋಪಾನ, ಜೋಪಾನ ಎಂದು ಕೂಗಿದರೆ ಯಾರ ಕಿವಿ ತಾನೇ ಚುರುಕಾಗಿ ಉಳಿದೀತು?

ಆದ್ದರಿಂದ ಇಳಕಲ್ಲಿನ ಡಾಕ್ಟರ್ ನೀಲಾಂಬಿಕಾ ಹೂಲಗೇರಿಯವರು ಪಟ್ಟಿ ಮೂಡಿದ ನಾಲ್ಕನೇ ನಿಮಿಷಕ್ಕೆ ಕರೆ ಮಾಡಿದಾಗ, ಏನೋ ತಪ್ಪಾಗಿ ನಮ್ಮ ನಂಬರು ಒತ್ತಿದ್ದಾರೆ ಎಂದುಕೊಂಡೆ.

“ಪಾಸ್‌ವರ್ಡ್ ಬದಲಿ ಮಾಡೀನ್ರಿ. ಎರಡನೇ ಕೀಲಿನೂ ಹಾಕೀನಿ. ಇನ್ನೇನ ಮಾಡ್ಲಿ ಹೇಳ್ರಿ” ಎಂದರು. ನಾನು ಹೇಳುವ ಮುಂಚೆಯೇ, “ನಂದು ಹೋದ್ರ ಹೋಗ್ಲಿ ಸರ್. ಅದರೊಳಗ ಅರವತ್ತೊಂದು ಮಂದಿ ಅದಾರ” ಎಂದರು.

ಇಳಕಲ್ಲೆಂದರೆ ಹೊರಗಿನವರಿಗೆ ಸೀರೆ ನೆನಪಾಗುತ್ತದೆ. ಆದರೆ ಅಲ್ಲಿಯ ಕೆಂಪು ಕಲ್ಲು ಸೀರೆಗಿಂತ ದೂರ ಹೋಗುತ್ತದೆ. ಎಲ್ಲೆಲ್ಲಿಯದೋ ದೇಶಗಳ ವಿಮಾನ ನಿಲ್ದಾಣಗಳಲ್ಲಿ ಜನ ಅದರ ಮೇಲೆ ನಡೆದಾಡುತ್ತಾರೆ. ಕಲ್ಲು ಹೋಗುತ್ತದೆ, ಅದನ್ನು ಕೊಯ್ದವನ ಎದೆಯಲ್ಲಿ ದೂಳು ಉಳಿಯುತ್ತದೆ. ನೀಲಾಂಬಿಕಾ ಶ್ವಾಸಕೋಶದ ವೈದ್ಯೆ. ಕ್ವಾರಿಯ ಕೆಲಸಗಾರರಿಗೆ ಅವರು ಉಸಿರುಬಿಲ್ಲೆ ಹಂಚಿದ್ದರು. ರೂಪಾಯಿ ನಾಣ್ಯದಷ್ಟಗಲದ ಅದನ್ನು ಫೋನಿಗೆ ಅಂಟಿಸಿ ಊದಿದರೆ, ಎದೆ ಎಷ್ಟು ಕೆಲಸ ಮಾಡುತ್ತಿದೆ ಎಂಬುದು ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಇಮೇಲಿನ ಮೂಲಕ ವೈದ್ಯರಿಗೆ ಹೋಗುತ್ತದೆ. ಎಂಬತ್ತರ ಮೇಲಿದ್ದರೆ ನಿಶ್ಚಿಂತೆ. ಐವತ್ತಕ್ಕಿಂತ ಕೆಳಗಿಳಿದರೆ ನಾಲ್ಕು ಮೆಟ್ಟಿಲು ಹತ್ತುವುದೂ ಕಷ್ಟ. ದೂಳು ಕೂತ ಎದೆಯ ಸಂಖ್ಯೆ ಇಳಿಯುತ್ತದೆ, ಇಲ್ಲವೇ ನಿಲ್ಲುತ್ತದೆ. ಏರುವುದು ಮಾತ್ರ ಇಲ್ಲ.

ಅರವತ್ತೊಂದು ಜನ ಕದ್ದುಮುಚ್ಚಿ ಊದಿ ಕಳಿಸಿದ್ದರು. ಬಾಗಲಕೋಟೆಯಲ್ಲಿ ಹೊಸದಾಗಿ ಕೂತಿದ್ದ ದೂಳು ನ್ಯಾಯಮಂಡಳಿಯ ಮುಂದೆ ಆರು ವಾರದಲ್ಲಿ ವಿಚಾರಣೆ. ಅವರ ಹೆಸರಿದ್ದ ಪಟ್ಟಿ ನ್ಯಾಯಾಧೀಶರ ಬಳಿ ಮೊಹರು ಹಾಕಿದ ಲಕೋಟೆಯಲ್ಲಿತ್ತು. ಅದನ್ನು ಬಿಟ್ಟರೆ ಇದ್ದದ್ದು ನೀಲಾಂಬಿಕಾ ಅವರ ಇಮೇಲಿನಲ್ಲಿ. ಯಾರು ಊದಿದರು ಎಂದು ಕ್ವಾರಿ ನಡೆಸುವ ಕಂಪನಿಗೆ ಗೊತ್ತಾದರೆ ಮರುದಿನದಿಂದ ಅವರಿಗೆ ಕೆಲಸವಿಲ್ಲ. ಕೆಲಸ ಹೋದ ಮೇಲೆ ಸಾಕ್ಷಿ ಹೇಳಲು ಯಾರು ಬರುತ್ತಾರೆ? ಸಾಕ್ಷಿಯಿಲ್ಲದಿದ್ದರೆ ಔಷಧವೂ ಇಲ್ಲ, ಮುಖಗವಸೂ ಇಲ್ಲ, ಕಲ್ಲು ಕೊಯ್ಯುವಾಗ ನೀರು ಹಾಯಿಸುವ ಏರ್ಪಾಟೂ ಇಲ್ಲ.

ಕನ್ನ ಹಾಕುತ್ತಿರುವವರು ಯಾರೆಂದು ಹೇಳುವಷ್ಟು ಪುರಾವೆ ನಮ್ಮ ಬಳಿ ಇರಲಿಲ್ಲ. ಆದರೆ ಆ ಹೆಸರುಗಳು ಬೇಕಾಗಿದ್ದದ್ದು ಈ ಲೋಕದಲ್ಲಿ ಒಂದೇ ಒಂದು ಕಂಪನಿಗೆ.

“ಬಾಗಿಲು ಭದ್ರ ಮಾಡಿದ್ರೆ ಸಾಲದಾ ಸರ್?” ಎಂದು ನಮ್ಮಲ್ಲಿ ಹೊಸದಾಗಿ ಸೇರಿದವರು ಕೇಳುತ್ತಾರೆ. ಸಾಲದು. ಬಾಗಿಲು ಭದ್ರವಾದರೆ ಕಿಟಕಿ ಹುಡುಕುತ್ತಾರೆ. ಇಲ್ಲಿ ಕಿಟಕಿಗಳೆಂದರೆ ಅರವತ್ತೊಂದು ಜನರ ಹಳೆಯ ಫೋನುಗಳು. ಕಳ್ಳ ಸುಮ್ಮನಿರಬೇಕಾದರೆ ಅವನಿಗೆ ಬೇಕಾದದ್ದು ಸಿಕ್ಕಿತು ಎಂದು ಅನ್ನಿಸಬೇಕು.

ಅದಕ್ಕಾಗಿ ಇರುವುದೇ ನೆರಳಂಚೆ. ಖಾತೆಗೆ ಒಂದು ನೆರಳುಖಾತೆ ಕಟ್ಟುತ್ತೇವೆ. ಒಳಗೆ ಬರುವ ಕಳ್ಳನ ದಾರಿಯನ್ನು ಅವನಿಗೆ ಗೊತ್ತಾಗದಂತೆ ಅತ್ತ ಬಾಗಿಸುತ್ತೇವೆ. ಮೊದಲೆಲ್ಲ ನೆರಳಿನ ಪತ್ರಗಳನ್ನು ಯಂತ್ರವೇ ಬರೆಯುತ್ತಿತ್ತು. ಈಗ ಕಳ್ಳರ ಹತ್ತಿರವೂ ಯಂತ್ರಗಳಿವೆ. ಯಂತ್ರ ಬರೆದದ್ದನ್ನು ಅವು ಮೂಸಿ ನೋಡಿ ಹೇಳುತ್ತವೆ. ಯಂತ್ರದ ಪತ್ರ ತೀರಾ ನುಣುಪು. ಮನುಷ್ಯರು ಪತ್ರ ಶುರುಮಾಡಿ, ಒಲೆಯ ಮೇಲಿನ ಹಾಲು ಇಳಿಸಲು ಎದ್ದುಹೋಗಿ, ಬಂದು, ಏನು ಹೇಳುತ್ತಿದ್ದೆ ಎಂಬುದನ್ನೇ ಮರೆತು ಬೇರೆ ಏನೋ ಬರೆಯುತ್ತಾರೆ. ಅದನ್ನು ಇನ್ನೂ ಯಾವ ಯಂತ್ರವೂ ಕಲಿತಿಲ್ಲ. ಹಾಗಾಗಿ ಎರಡು ವರ್ಷದಿಂದ ನೆರಳಿಗೆ ಪತ್ರ ಬರೆಯುವ ಕೆಲಸ ಆಯಾ ಖಾತೆಯವರ ಮನೆಯವರದು.

*

ಮರುದಿನವೇ ಇಳಕಲ್ಲಿಗೆ ಹೋದೆ. ನೀಲಾಂಬಿಕಾ ಅವರ ಗಂಡ ಮಹಾಂತೇಶ ಹುನಗುಂದದಲ್ಲಿ ಮೇಷ್ಟ್ರು, ಸಂಜೆಯವರೆಗೆ ಮನೆಯಲ್ಲಿರುವುದಿಲ್ಲ. ನೀಲಾಂಬಿಕಾ ತಾವೇ ಬರೆಯುವಂತಿಲ್ಲ; ಅವರು ನಿಜವಾದ ಪೆಟ್ಟಿಗೆಯಲ್ಲಿ ಎಂದಿನಂತೆ ಇರಬೇಕು. ಉಳಿದವರು ಅತ್ತೆ ಹಂಪವ್ವ. ನಡುಮನೆಯ ಪಕ್ಕದ ಕೋಣೆಯಲ್ಲಿ ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಕೂತಿದ್ದರು. ಎಪ್ಪತ್ತರ ಮೇಲೆ ವಯಸ್ಸು, ಲಾಳಿ ಎಸೆಯುವ ಕೈ ಮಾತ್ರ ನಲವತ್ತರದು.

ನಾನು ನೆರಳಂಚೆಯ ವಿಷಯ ಹೇಳುತ್ತಾ ಹೋದೆ. ಅವರು ಮಗ್ಗ ನಿಲ್ಲಿಸದೆ ಕೇಳಿಸಿಕೊಂಡರು.

“ಅಂದ್ರ ಕಳ್ಳಗ ಒಂದು ಸುಳ್ಳು ಮನಿ ಕಟ್ಟೂದು. ಆ ಮನ್ಯಾಗ ಮಂದಿ ಅದಾರ ಅಂತ ಅಂವಗ ಅನಿಸಬೇಕು. ಹೌದಿಲ್ರಿ?”

“ಅಷ್ಟೇ ಅಮ್ಮ. ನಿಮಗೆ ಬರೆಯೋದಕ್ಕೆ ಕಷ್ಟ ಆದ್ರೆ ಬಾಯಲ್ಲಿ ಹೇಳಿ ಸಾಕು. ಈ ಡಬ್ಬಿ ಕೇಳಿಸ್ಕೊಂಡು ಬರ್ಕೊಳ್ಳತ್ತೆ.”

ನಿಯಮಗಳನ್ನು ಹೇಳಿದೆ. ಒಂದು, ನಿಜವಾದ ಗುಟ್ಟು ಬರೆಯಬಾರದು. ಎರಡು, ಬದುಕಿರುವ ಯಾರ ಹೆಸರನ್ನೂ ಬಳಸಬಾರದು. ಮೂರು, ಒಂದು ದಿನವೂ ತಪ್ಪಿಸಬಾರದು. ಅರವತ್ತು ಹೆಸರು ಬೇಕು, ಪ್ರತಿ ಹೆಸರಿಗೂ ಒಂದು ಉಸಿರಿನ ಸಂಖ್ಯೆ, ಆಗಾಗ ಎರಡು ಸಾಲಿನ ಪತ್ರ.

ಗೋಡೆಯ ಮೇಲೆ ಒಬ್ಬ ಹಿರಿಯರ ಫೋಟೊ ಇತ್ತು. ಮಾತಿಗೆ ಮಾತು ಎಂದು ಅವರ ಹೆಸರೇನು ಎಂದು ಕೇಳಿದೆ.

“ನಮ್ಮ ಮಹಾಂತೇಶನ ಅಪ್ಪ” ಎಂದರು ಹಂಪವ್ವ. ನೀಲಾಂಬಿಕಾ ನನ್ನತ್ತ ನೋಡಿ ಸಣ್ಣಗೆ ನಕ್ಕು ಒಳಗಿನಿಂದ ಚಹಾ ತಂದರು.

ಹೊರಡುವಾಗ ಬಾಗಿಲ ಬಳಿ ಅವರು ಹೇಳಿದರು. “ನಮ್ಮತ್ತಿ ಗಂಡನ ಹೆಸರು ಹೇಳೂದಿಲ್ರಿ. ಹಳೇ ಮಂದಿ. ರೇಷನ್ ಅಂಗಡ್ಯಾಗ ಕೇಳಿದ್ರೂ ಫೋಟೋನ ಒಯ್ದು ತೋರಸ್ತಾರ, ಬಾಯಿಲೆ ಹೇಳೂದಿಲ್ಲ. ಮಾವನವರು ಇಪ್ಪತ್ತು ವರ್ಷ ಮಗ್ಗ ಹೊಡದು ಆಮ್ಯಾಲೆ ಒಂಬತ್ತು ವರ್ಷ ಕ್ವಾರಿಗೆ ಹೋದ್ರು. ಆ ಒಂಬತ್ತ ಸಾಕಾತು.”

*

ನಮ್ಮ ನಿಯಂತ್ರಣ ಕೋಣೆಯಲ್ಲಿ ಗೋಡೆಯ ತುಂಬ ಸಣ್ಣ ದೀಪಗಳಿವೆ. ಒಂದು ದೀಪಕ್ಕೆ ಒಂದು ನೆರಳುಖಾತೆ. ಖಾಲಿಯಿದ್ದರೆ ಹಸಿರು, ಕಳ್ಳ ಒಳಗೆ ಬಂದರೆ ಕೇಸರಿ. ಎಂಟನೆಯ ದಿನ ಮಧ್ಯಾಹ್ನ ಇಳಕಲ್ಲಿನ ದೀಪ ಕೇಸರಿಯಾಯಿತು. ಬಂದವನು ಅವಸರ ಮಾಡಲಿಲ್ಲ. ಪತ್ರಗಳನ್ನು ಒಂದೊಂದಾಗಿ ತೆರೆದ. ಹನ್ನೊಂದನೆಯ ದಿನ ಹೆಸರುಗಳ ಪಟ್ಟಿಯನ್ನು ನಕಲು ಮಾಡಿಕೊಂಡ. ಅರವತ್ತು ಕೇಳಿದ್ದರೂ ಹಂಪವ್ವ ಕೊಟ್ಟದ್ದು ನಲವತ್ತೇಳು ಹೆಸರು. ಇಷ್ಟೇಕೆ ಎಂದು ಫೋನಿನಲ್ಲಿ ಕೇಳಿದ್ದಕ್ಕೆ “ಅಷ್ಟ ಐತ್ರಿ” ಎಂದಿದ್ದರು. ಮುದುಕಿಗೆ ಬೇಸರ ಬಂದಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ.

ನಮ್ಮ ಮೇಲಧಿಕಾರಿ ರೆಹಾನಾ ಕಿತ್ತೂರ ಮೇಡಂ. ಸಂಜೆ ಐದಕ್ಕೆ ಅವರ ಮೇಜಿನ ಮೇಲೆ ಮಂಡಕ್ಕಿಯ ಗಿರ್ಮಿಟ್ ಬರುತ್ತದೆ. ಗಿರ್ಮಿಟ್ ತಿನ್ನುತ್ತಾ ಅವರು ನಮ್ಮ ತಪ್ಪು ಹುಡುಕುತ್ತಾರೆ. ಹದಿನೈದನೆಯ ದಿನ ನನ್ನನ್ನು ಕರೆದರು.

“ಶ್ರೀಕಂಠ ಅವರ, ನಿಮ್ಮ ಇಳಕಲ್ಲಿನ ಪೇಶಂಟ್‌ಗಳು ಆರಾಮ ಆಗ್ಲಿಕ್ಕತ್ತಾರಲ್ಲ?”

ಪರದೆಯ ಮೇಲೆ ನಲವತ್ತೇಳು ಗೆರೆಗಳು. ಎಲ್ಲವೂ ನಿಧಾನವಾಗಿ ಮೇಲಕ್ಕೆ ಏರುತ್ತಿದ್ದವು. ನಲವತ್ತೆರಡರಿಂದ ಶುರುವಾದವನು ಐವತ್ತೊಂದಕ್ಕೆ ಬಂದಿದ್ದ. ಐವತ್ತಾರಿದ್ದವನು ಎಪ್ಪತ್ತು. ಪತ್ರಗಳನ್ನು ತೆರೆದೆ. ‘ಇವತ್ತ ಕೆಮ್ಮು ಕಡಿಮಿ ಐತಿ. ಎರಡ ರೊಟ್ಟಿ ತಿಂದೆ.’ ‘ನಿನ್ನೆ ಗುಡ್ಡದ ಗುಡಿತನಕ ನಡದ ಹೋಗಿದ್ದೆ, ಎಲ್ಲೂ ಕುಂದ್ರಲಿಲ್ಲ.’ ‘ಮಗಳು ಬಂದಾಳ. ಮೊಮ್ಮಗನ್ನ ಹೆಗಲ ಮ್ಯಾಲೆ ಕುಂದ್ರಿಸಿಕೊಂಡು ಸಂತಿಗೆ ಹೋಗಿ ಬಂದೆ.’

“ಚಂದ ಬರದಾರ” ಎಂದರು ರೆಹಾನಾ ಮೇಡಂ. “ಆದ್ರ ಕಲ್ಲಿನ ದೂಳು ಹಿಡದ ಎದಿ ಎಂದೂ ಸುಧಾರಿಸೂದಿಲ್ಲ. ಇದನ್ನ ಒಬ್ಬ ಡಾಕ್ಟರ್ ನೋಡಿದ್ರ ಆಟ ಮುಗೀತು. ಹೋಗಿ ಹೇಳಿ ಬರ್ರಿ.”

*

ಮಧ್ಯಾಹ್ನದ ಊಟದ ಹೊತ್ತಿಗೆ ಇಳಕಲ್ಲಿನಲ್ಲಿದ್ದೆ. ಹಂಪವ್ವ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದರು. ಊಟದ ನಡುವೆ ಜಗಳ ತೆಗೆಯಲು ಮನಸ್ಸಾಗದೆ ಕೈತೊಳೆದ ಮೇಲೆ ಹೇಳಿದೆ. ಸಂಖ್ಯೆಗಳು ಇಳಿಯಬೇಕು, ಏರಬಾರದು, ಕಳ್ಳರಿಗೆ ಅನುಮಾನ ಬರುತ್ತದೆ ಎಂದೆ.

“ಇಳಸಾಕ ನನ್ನ ಕೈಲೆ ಆಗೂದಿಲ್ರಿ ಸಾಹೇಬ್ರ” ಎಂದರು.

“ಯಾಕಮ್ಮ? ಸುಳ್ಳು ಹೆಸರು ತಾನೆ?”

ಅವರು ಉಂಡ ತಟ್ಟೆಗಳನ್ನು ಒಟ್ಟುಮಾಡತೊಡಗಿದರು. ಆಸ್ಪತ್ರೆಯಿಂದ ಊಟಕ್ಕೆ ಬಂದಿದ್ದ ನೀಲಾಂಬಿಕಾ ನಾನು ತಂದಿದ್ದ ಹೆಸರುಗಳ ಪಟ್ಟಿಯನ್ನು ಅಂದೇ ಮೊದಲ ಸಲ ನೋಡಿದ್ದು. ನೆರಳಿನತ್ತ ಹೋಗಬೇಡಿ ಎಂದು ಅವರಿಗೆ ನಾನೇ ಕಟ್ಟಪ್ಪಣೆ ಮಾಡಿದ್ದೆ. ನಾಲ್ಕು ಹೆಸರು ಓದುವಷ್ಟರಲ್ಲಿ ತಲೆಯೆತ್ತಿ ಅತ್ತೆಯನ್ನು ನೋಡಿದರು.

“ಅತ್ತಿ, ಹುಚ್ಚಪ್ಪ ಗುಡೂರ… ಯಮನಪ್ಪ… ರಾಜೇಸಾಬ ನದಾಫ… ಇವರೆಲ್ಲಾ ತೀರಿಕೊಂಡವರಲ್ಲೇನ್ರಿ?”

“ಹೌದವಾ.”

ನಲವತ್ತೇಳೂ ಹೆಸರು ಕ್ವಾರಿಯ ದೂಳಿನಿಂದ ಸತ್ತವರದು.

“ಅಮ್ಮಾ, ಎಂಥ ಕೆಲಸ ಮಾಡ್ಬಿಟ್ರಿ! ಸುಮ್ನೆ ಬಾಯಿಗೆ ಬಂದ ಹೆಸರು ಹೇಳೋಕಾಗ್ಲಿಲ್ವಾ?”

“ಬಾಯಿಗೆ ಬಂದ ಹೆಸರು ಅಂದ್ರ ಎಲ್ಲೋ ಒಬ್ಬರದು ಇದ್ದ ಇರತೈತಿ. ಆ ಹೆಸರಿನ ಮುಂದ ನಾ ಬ್ಯಾನಿ ಬರದು, ನಾಳೆ ಅಂವಗ ಹತ್ತಿದ್ರ? ಉಂಡು ತಿಂದು ಚಂದ ಇರೋರ ಹೆಸರಿಗೆ ಕೆಮ್ಮು ಹಚ್ಚೂದು ಪಾಪ ಅಲ್ಲೇನ್ರಿ? ಬದುಕಿರೋರ ಹೆಸರು ಬ್ಯಾಡ ಅಂತ ನೀವೂ ಹೇಳಿದ್ರಿ. ಇವರಿಗೆ ಬರೂದು ಬಂದು ಹೋಗೇತಿ. ಇನ್ನ ಏನೂ ಹತ್ತೂದಿಲ್ಲ.”

ಆ ಹೆಸರುಗಳೇ ಏಕೆ ಎಂಬುದನ್ನೂ ಹೇಳಿದರು. ಗಂಡ ತೀರಿಕೊಂಡ ಹೆಣ್ಣಿಗೆ ದಿವಸದ, ಅಂದರೆ ಉತ್ತರಕ್ರಿಯೆಯ, ದಿನ ತವರುಮನೆಯವರು ಒಂದು ಸೀರೆ ತರುತ್ತಾರೆ. ಕ್ವಾರಿಯಲ್ಲಿ ಸಾವು ಶುರುವಾದ ಮೇಲೆ ಆ ಸೀರೆ ಕೇಳಿಕೊಂಡು ಹಂಪವ್ವನ ಮಗ್ಗಕ್ಕೆ ಬರುವವರು ಹೆಚ್ಚಾದರು. ಯಾರ ಮಗಳಿಗೆ, ಅಳಿಯ ಯಾರು, ಎಷ್ಟು ದಿನ ಮಲಗಿದ್ದ, ಎಲ್ಲವನ್ನೂ ಅವರು ಕೇಳಿಕೊಂಡೇ ನೇಯ್ದಿದ್ದರು. ಸೀರೆಯ ಅಂಚಿಗೆ ಗೋಮಿ ದಡಿ ಯಾರಿಗೆ, ಚಿಕ್ಕಿ ದಡಿ ಯಾರಿಗೆ ಎಂಬುದು ಬಾಯಿಪಾಠ. ನೇಯ್ದ ಕ್ರಮದಲ್ಲೇ ಹೆಸರು ಹೇಳಿದ್ದರು. ನಲವತ್ತೇಳು ಸೀರೆ, ನಲವತ್ತೇಳು ಹೆಸರು.

“ಮತ್ತ ಅವರು ಸುಧಾರಿಸೂದು ಯಾಕಂತೀರಿ? ಒಮ್ಮೆ ನೋಡೀನ್ರಿ ಇಳಿಯೂದನ್ನ. ಮತ್ತೊಮ್ಮೆ ಬರಿಯಂದ್ರ ನಾ ಬರಿಯೂದಿಲ್ಲ.”

ನನಗೆ ಸಿಟ್ಟು ಬಂತು. ಅಂಥ ಹೊತ್ತಿನಲ್ಲಿ ಆಡಬಾರದ್ದನ್ನು ಆಡಿದೆ. ಸತ್ತವರ ಹೆಸರು ಬಳಸುವ ಮುಂಚೆ ಅವರ ಮನೆಯವರನ್ನಾದರೂ ಕೇಳಬೇಡವೇ ಎಂದುಬಿಟ್ಟೆ. ಹಂಪವ್ವ ತಲೆ ತಗ್ಗಿಸಿದರು. “ಅದು ಖರೇ ಐತಿ. ಕೇಳಬೇಕಿತ್ತು” ಎಂದರು. ಹುಬ್ಬಳ್ಳಿಯ ಬಸ್ಸಿನಲ್ಲಿ ಕೂತ ಮೇಲೆ ನನ್ನ ಮಾತಿಗೆ ನಾನೇ ನಾಚಿದೆ.

*

“ಮರಣದ ದಾಖಲೆ ಒಂದು ಸಲ ತಗದು ನೋಡಿದ್ರ ಸಾಕು, ಎಲ್ಲಾ ಗೊತ್ತಾಗತೈತಿ” ಎಂದರು ರೆಹಾನಾ ಮೇಡಂ. ಅಂದು ಗಿರ್ಮಿಟ್ ಹಾಗೇ ಮೆತ್ತಗಾಗುತ್ತಿತ್ತು.

ನೆರಳನ್ನು ಅಳಿಸಿ ಹೊಸದು ಕಟ್ಟುವಂತಿರಲಿಲ್ಲ. ಪಟ್ಟಿ ಆಗಲೇ ಕಳ್ಳನ ಕೈ ಸೇರಿತ್ತು. ಬದಲಿಸಿದರೆ ಅನುಮಾನ ಖಚಿತವಾಗುತ್ತದೆ, ಅವನು ಕಿಟಕಿಗಳತ್ತ ತಿರುಗುತ್ತಾನೆ. ನಾವು ಮಾಡಬಹುದಾದದ್ದು ಒಂದೇ. ಆ ಅರವತ್ತೊಂದು ಫೋನುಗಳ ಮೇಲೆ ಕಣ್ಣಿಟ್ಟು ಕೂರುವುದು.

ಕೂತೆವು. ಮೂರು ವಾರ. ದಿನವೂ ಬೆಳಗ್ಗೆ ಹಂಪವ್ವನ ಪತ್ರಗಳು ನೆರಳಿಗೆ ಬರುತ್ತಿದ್ದವು, ಒಂದು ದಿನವೂ ತಪ್ಪಲಿಲ್ಲ. ರಾಜೇಸಾಬ ಸೈಕಲ್ ತುಳಿದ. ಯಮನಪ್ಪ ಹೊಲದ ಬದುವಿನ ಕಲ್ಲು ಸರಿಸಿದ. ಕಳ್ಳ ಬಂದು ಓದಿ ಹೋಗುತ್ತಿದ್ದ. ನಾನೂ ಓದುತ್ತಿದ್ದೆ. ಕೆಲಸಕ್ಕಾಗಿ ಎಂದು ಹೇಳಿಕೊಳ್ಳುತ್ತಿದ್ದೆನಾದರೂ, ಬೆಳಗ್ಗೆ ಕುರ್ಚಿಯಲ್ಲಿ ಕೂತ ತಕ್ಷಣ ಯಮನಪ್ಪ ಹೇಗಿದ್ದಾನೆ ಎಂದು ನೋಡುವ ಅಭ್ಯಾಸ ಆಗಿಬಿಟ್ಟಿತ್ತು.

ಅರವತ್ತೊಂದು ಫೋನುಗಳನ್ನು ಯಾರೂ ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಎಂಬುದು ನಮಗೆ ತಿಳಿದದ್ದು ಬಾಗಲಕೋಟೆಯಲ್ಲಿ.

*

ನ್ಯಾಯಮಂಡಳಿ ಕೂತದ್ದು ಹಳೆಯದೊಂದು ಸಭಾಭವನದಲ್ಲಿ. ಅಗತ್ಯ ಬಿದ್ದರೆ ಸಾಕ್ಷಿ ಹೇಳಲು ನನ್ನನ್ನೂ ಕರೆಸಿದ್ದರು. ಒಳಗೆ ಹೋದಾಗ ಹಿಂದಿನ ಸಾಲುಗಳು ಹೆಂಗಸರಿಂದ ತುಂಬಿರುವುದನ್ನು ಕಂಡು ಅಚ್ಚರಿಪಟ್ಟೆ. ನಡುವೆ ಹಂಪವ್ವ ಕೂತಿದ್ದರು.

“ಕೇಳಬೇಕು ಅಂದಿದ್ರಲ್ಲಾ ಸಾಹೇಬ್ರ, ಮನಿಮನಿಗೆ ಹೋಗಿ ಕೇಳಿದೆ” ಎಂದರು. “ಯಾರೂ ಒಲ್ಲೆ ಅನ್ನಲಿಲ್ಲ. ನಮ್ಮವರ ಹೆಸರು ಎಲ್ಲಿತನಕ ಹೋಗತೈತಿ ನೋಡೂಣಂತ ತಾವೂ ಬಂದಾರ.”

ಕಂಪನಿಯ ವಕೀಲರು ಎದ್ದರು. ಹದವಾದ ದನಿ, ಇಸ್ತ್ರಿ ಮುರಿಯದ ಕೋಟು. “ಕ್ವಾರಿಯಲ್ಲಿ ಯಾರಿಗೂ ಕಾಯಿಲೆಯಿಲ್ಲ, ಮಹಾಸ್ವಾಮಿ. ಕೆಲವರನ್ನು ಎತ್ತಿಕಟ್ಟಿ ದೂರು ಕೊಡಿಸಲಾಗಿದೆ ಎಂಬ ಮಾತು ನಮ್ಮ ಕಿವಿಗೆ ಬಿದ್ದದ್ದರಿಂದ, ಹೋದ ವಾರ ನಮ್ಮ ವೈದ್ಯರು ಖುದ್ದಾಗಿ ನಲವತ್ತೇಳು ಕೆಲಸಗಾರರನ್ನು ತಪಾಸಣೆ ಮಾಡಿದ್ದಾರೆ. ಎಲ್ಲರ ಎದೆಯೂ ಸ್ವಚ್ಛವಾಗಿದೆ. ಪ್ರಮಾಣಪತ್ರಗಳು ಇಲ್ಲಿವೆ, ಪ್ರತಿಯೊಬ್ಬರ ಹೆಬ್ಬೆಟ್ಟಿನ ಗುರುತೂ ಇದೆ.”

ನಾನು ನೀಲಾಂಬಿಕಾ ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

ಆಗ ಅರ್ಥವಾಯಿತು. ಪಟ್ಟಿ ಕೈಗೆ ಬಂದಾಗ ಅವರು ಅದನ್ನು ಪರೀಕ್ಷಿಸಿಯೇ ಇದ್ದರು. ಈ ಹೆಸರಿನವರು ನಮ್ಮ ಕ್ವಾರಿಯವರೇ ಎಂದು ಗುತ್ತಿಗೆದಾರರ ಹಳೆಯ ಕಾಗದಗಳಲ್ಲಿ ಹುಡುಕಿದರು. ಎಲ್ಲವೂ ಸಿಕ್ಕಿದವು, ಗುರುತಿನ ಚೀಟಿಯ ನಕಲಿನ ಸಮೇತ. ಪಟ್ಟಿ ನಿಜವೆಂದು ನಂಬಿ, ಫೋನುಗಳ ಗೊಡವೆಗೇ ಹೋಗದೆ, ಆ ಹೆಸರುಗಳಿಗೆ ಕೂತಲ್ಲೇ ಪ್ರಮಾಣಪತ್ರ ಬರೆಸಿಬಿಟ್ಟಿದ್ದರು. ಕಟ್ಟಿದ ಹೆಸರುಗಳಾಗಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆವು. ಒಬ್ಬೊಬ್ಬನೂ ಕೆಲಸಕ್ಕೆ ಸೇರಿದ ದಿನ ಕಾಗದ ಮಾಡಿಕೊಂಡಿದ್ದರು. ಕೆಮ್ಮಿ ಮನೆಗೆ ಹೋದ ದಿನ, ಸತ್ತ ದಿನ, ಯಾರೂ ಏನೂ ಬರೆದಿರಲಿಲ್ಲ. ಬದುಕಿರುವವರು ಯಾರು, ಸತ್ತವರು ಯಾರು ಎಂದು ಆ ಕಂಪನಿಗೆ ಗೊತ್ತೇ ಇರಲಿಲ್ಲ. ಕೇಳಬೇಕೆಂದು ಅವರಿಗೆ ಅನ್ನಿಸಿಯೂ ಇರಲಿಲ್ಲ.

ನ್ಯಾಯಾಧೀಶೆ ಮೊಹರಿನ ಲಕೋಟೆ ಒಡೆದು ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡರು. ಒಂದು ಹೆಸರೂ ಹೊಂದಲಿಲ್ಲ.

“ಈ ನಲವತ್ತೇಳು ಜನರನ್ನು ನೀವು ಬಲ್ಲಿರಾ ಡಾಕ್ಟರ್?”

“ಬಲ್ಲೆ ಮೇಡಂ. ಹೆಸರು ಓದಿಸ್ರಿ. ಅವರ ಮನಿಯವರು ಇಲ್ಲೇ ಅದಾರ.”

ಗುಮಾಸ್ತರು ಓದಿದರು. “ಹುಚ್ಚಪ್ಪ ಗುಡೂರ.”

ಹಿಂದಿನ ಸಾಲಿನಲ್ಲಿ ಒಬ್ಬಾಕೆ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. “ನಾ ಅವರ ಹೇಣ್ತಿರಿ. ಅವರು ಹೋಗಿ ಹನ್ನೊಂದು ವರ್ಷ ಆತು.”

“ಯಮನಪ್ಪ ಕಲ್ಲೊಡ್ಡರ.”

“ಒಂಬತ್ತು ವರ್ಷ ಆತ್ರಿ.”

“ರಾಜೇಸಾಬ ನದಾಫ.”

“ಆರು ವರ್ಷ. ಬರೋ ಮೊಹರಮ್ಮಿಗೆ ಏಳು.”

ಆರನೆಯ ಹೆಸರಿಗೆ ವಕೀಲರು ಕೂತುಬಿಟ್ಟರು. ಸಾಕೇ ಎಂಬಂತೆ ಗುಮಾಸ್ತರು ತಲೆಯೆತ್ತಿದರು. ಪೂರ್ತಿ ಓದಿ ಎಂದು ನ್ಯಾಯಾಧೀಶೆ ಹೇಳಿದರು. ಎಂಟು ಹೆಸರಿಗೆ ಯಾರೂ ಏಳಲಿಲ್ಲ. ಅವರ ಮನೆಯವರು ಊರು ಬಿಟ್ಟಿದ್ದರು, ಇಲ್ಲವೇ ಅವರೂ ತೀರಿಕೊಂಡಿದ್ದರು. ಮೂವತ್ತೊಂಬತ್ತು ಜನ ಎದ್ದು ನಿಂತರು. ಯಾರೂ ಅಳಲಿಲ್ಲ, ಕೂಗಲಿಲ್ಲ. ನನ್ನ ಕಣ್ಣು ಮಾತ್ರ ಒದ್ದೆಯಾಗಿತ್ತು, ಅದನ್ನು ಮುಚ್ಚಿಡುವುದು ಬೇಡ. ಅವರ ನಡುವೆ ಹಂಪವ್ವ ಒಬ್ಬರೇ ಕೂತಿದ್ದರು. ಅವರ ಗಂಡನ ಹೆಸರನ್ನು ಯಾರೂ ಓದಲಿಲ್ಲ.

ಆಮೇಲೆ ನನ್ನನ್ನು ಕರೆದರು. ನಾನು ಹೇಳಿದ್ದು ಚಿಕ್ಕದು. ಈ ಹೆಸರುಗಳು ಈ ಕ್ರಮದಲ್ಲಿ ಲೋಕದಲ್ಲಿ ಒಂದೇ ಕಡೆ ಇದ್ದವು, ನಾವು ಕಟ್ಟಿದ ನೆರಳುಖಾತೆಯಲ್ಲಿ. ಕನ್ನ ಹಾಕದೆ ಅವು ಯಾರಿಗೂ ಸಿಗುವಂತಿರಲಿಲ್ಲ. ಯಾವ ಕ್ರಮ ಎಂದು ನ್ಯಾಯಾಧೀಶೆ ಕೇಳಿದರು. ಸೀರೆ ನೇಯ್ದ ಕ್ರಮ ಎಂದೆ. ಅವರು ಅದನ್ನು ಬರೆದುಕೊಂಡರು.

ಸಂಜೆಯೊಳಗೆ ಆದೇಶ ಬಂತು. ಅರವತ್ತೊಂದು ಜನರ ಹೆಸರುಗಳು ಮೊಹರಿನೊಳಗೇ ಇರುತ್ತವೆ. ಅವರನ್ನು ಹೊರಗಿನ ವೈದ್ಯರು ನೋಡುತ್ತಾರೆ. ನೀರು ಹಾಯಿಸುವ ಏರ್ಪಾಟಾಗುವವರೆಗೆ ಕಲ್ಲು ಕೊಯ್ಯುವಂತಿಲ್ಲ, ಕೆಲಸದಿಂದ ಯಾರನ್ನೂ ತೆಗೆಯುವಂತಿಲ್ಲ. ಕನ್ನದ ಮೇಲೂ ಸುಳ್ಳು ಪ್ರಮಾಣಪತ್ರದ ಮೇಲೂ ಬೇರೆ ತನಿಖೆ.

*

ಕೆಲಸ ಮುಗಿದ ನೆರಳನ್ನು ಅಳಿಸಬೇಕೆಂಬುದು ಕಾನೂನು. ಪುರಾವೆಗೆ ಬೇಕಾದ ನಕಲು ನ್ಯಾಯಮಂಡಳಿಗೆ ಹೋದ ಮೇಲೆ ನಾನು ಇಳಕಲ್ಲಿಗೆ ಹೋದೆ. ಹುಬ್ಬಳ್ಳಿಯಿಂದಲೇ ಅಳಿಸಬಹುದಿತ್ತು. ಮನಸ್ಸು ಬರಲಿಲ್ಲ. ಮೇಡಂ ಏನೂ ಕೇಳದೆ ರಜೆಯ ಚೀಟಿಗೆ ಸಹಿ ಹಾಕಿದರು.

ಬೆಳಗಿನ ಬಿಸಿಲು ಮಗ್ಗದ ಮೇಲೆ ಬಿದ್ದಿತ್ತು. ಹಂಪವ್ವನ ಪಕ್ಕದಲ್ಲಿ ಡಬ್ಬಿ ಇಟ್ಟು, ಈಗ ಅಳಿಸುತ್ತೇನೆ ಎಂದೆ.

“ಎಲ್ಲಾರೂ ಹೋಗತಾರೇನು?”

“ಹೌದಮ್ಮ.”

“ಇವತ್ತ ಹೆಂಗ ಅದಾರ, ಒಮ್ಮೆ ಹೇಳ್ರಿ.”

ನಾನು ಓದಿ ಹೇಳಿದೆ. ಯಮನಪ್ಪ ಎಂಬತ್ತೆರಡು. ರಾಜೇಸಾಬ ಎಂಬತ್ತೊಂಬತ್ತು. ಹುಚ್ಚಪ್ಪ ತೊಂಬತ್ತು. ನಲವತ್ತೇಳೂ ಹೆಸರು ಮುಗಿಯುವವರೆಗೆ ಅವರು ಲಾಳಿ ಕೈಯಲ್ಲಿ ಹಿಡಿದು ಕೇಳಿದರು.

“ತಮ್ಮಾ” ಎಂದರು. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. “ಇನ್ನೊಬ್ಬರನ್ನ ಹಾಕಾಕ ಬರತೈತೇನು?”

“ಬರತ್ತೆ. ಆದ್ರೆ ಐದು ನಿಮಿಷ ಅಷ್ಟೇ ಅಮ್ಮ. ಆಮೇಲೆ ಎಲ್ಲಾ ಹೋಗತ್ತೆ.”

“ಐದು ನಿಮಿಷ ಸಾಕು.”

ಡಬ್ಬಿಯ ಗುಂಡಿ ಒತ್ತಿದೆ. ಅದು ಹೆಸರು ಹೇಳಿ ಎಂದಿತು. ಹಂಪವ್ವ ಗೋಡೆಯ ಫೋಟೊ ನೋಡಿದರು. ಬಾಗಿಲಲ್ಲಿ ನಿಂತಿದ್ದ ನೀಲಾಂಬಿಕಾ ಒಂದು ಹೆಜ್ಜೆ ಹಿಂದೆ ಸರಿದರು. ಹಂಪವ್ವನ ತುಟಿ ಅಲುಗಿತು, ದನಿ ಹೊರಗೆ ಬಂತೋ ಇಲ್ಲವೋ ನನಗೆ ಕೇಳಿಸಲಿಲ್ಲ.

‘ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’ ಎಂದಿತು ಡಬ್ಬಿ.

“ಸಂಗಪ್ಪ” ಎಂದರು ಹಂಪವ್ವ. ಸೆರಗನ್ನು ಬಾಯಿಗೆ ಒತ್ತಿಕೊಂಡು, ತೆಗೆದು, ಕೋಣೆಗೆಲ್ಲ ಕೇಳುವಂತೆ ಹೇಳಿದರು. “ಸಂಗಪ್ಪ ಹೂಲಗೇರಿ.”

ಉಸಿರಿನ ಸಂಖ್ಯೆ ಎಷ್ಟು ಎಂದು ಅದು ಕೇಳಿತು.

“ನೂರು ಬರಕೋ.”

ಪತ್ರವೇನಾದರೂ ಇದೆಯೇ ಎಂದಿತು. ಇಲ್ಲ ಎಂದು ಅವರು ತಲೆಯಾಡಿಸಿದರು. ತಲೆಯಾಡಿಸಿದ್ದು ಡಬ್ಬಿಗೆ ಕಾಣುವುದಿಲ್ಲ, ಅದು ಕಾಯುತ್ತಾ ಕೂತಿತು. ಹಂಪವ್ವ ಮಗ್ಗದ ಕಡೆ ತಿರುಗಿ ಲಾಳಿ ಎಸೆದರು. ಆ ಸದ್ದನ್ನೇ ಅದು ಪತ್ರವೆಂದು ತಿಳಿದು ಖಾಲಿ ಸಾಲುಗಳನ್ನು ಬರೆದುಕೊಳ್ಳತೊಡಗಿತು.

ಐದು ನಿಮಿಷ ಎಂದಿದ್ದೆ. ಅವರು ಆ ಅಂಚು ಮುಗಿಸಿ ಎದ್ದು, ನನಗೆ ಚಹಾ ಮಾಡಲು ಒಳಗೆ ಹೋಗುವವರೆಗೆ ಕಾದೆ. ಆಮೇಲೆ ಅಳಿಸುವ ಗುಂಡಿ ಒತ್ತಿದೆ.